ಹಚ್ಚೆಯ ಆರೈಕೆ, ನೀಲಗಿರಿ ಜಿಲ್ಲೆಯಲ್ಲಿ

ಹೊಸದಾಗಿ ಹಾಕಿಸಿಕೊಂಡ ಹಚ್ಚೆ ಮಾಯುವವರೆಗೆ ಚರ್ಮವನ್ನು ನೋಡಿಕೊಳ್ಳುವ ಕ್ರಮ. ಸೂಜಿಯು ಹೊರಚರ್ಮವನ್ನು ದಾಟಿ ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಚರ್ಮಕ್ಕೆ ಬಣ್ಣವನ್ನು ಇಳಿಸುತ್ತದೆ. ಹಾಗಾಗಿ ಮೊದಲ ಕೆಲವು ವಾರ ಅದನ್ನು ಚಿತ್ರವೆಂದು ನೋಡದೆ ತೆರೆದ ಗಾಯವೆಂದೇ ನೋಡಬೇಕಾಗುತ್ತದೆ. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಉದಕಮಂಡಲ, ಗೂಡಲೂರು, ಮಸಿನಗುಡಿ ಒಂದಕ್ಕೊಂದು ಹತ್ತಿರವಿದ್ದರೂ ಚಳಿ, ಮಳೆ, ಬಿಸಿಲಿನಲ್ಲಿ ಮೂರಕ್ಕೂ ಹೋಲಿಕೆಯಿಲ್ಲ. ಆದ್ದರಿಂದ ಇಲ್ಲಿ ಒಂದೇ ಸೂಚನೆಯ ಚೀಟಿ ಎಲ್ಲರಿಗೂ ಹೊಂದುವುದಿಲ್ಲ.

ಬೆಟ್ಟದ ಹಳೆಯ ಹಚ್ಚೆ

ಈ ಬೆಟ್ಟಗಳಿಗೆ ಹಚ್ಚೆ ಹೊಸತಲ್ಲ. 1901–02ರಲ್ಲಿ ಇಲ್ಲಿನ ತೋಡ ಬುಡಕಟ್ಟಿನವರ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಹೊರತಂದ ಗ್ರಂಥದಲ್ಲೂ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಲ್ಲೂ ತೋಡ ಹೆಂಗಸರ ಮೈಮೇಲಿನ ಚುಕ್ಕೆ ಮತ್ತು ಉಂಗುರಗಳ ವಿವರವಿದೆ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರಲ್ಲಿ ಹಣೆಯ ಹಚ್ಚೆಗೆ ಹೆಚ್ಚಿನ ಸ್ಥಾನ. ತೋಳಿನ ಮೇಲೂ ಹಾಕಿಸಿಕೊಳ್ಳುತ್ತಿದ್ದರು. ಬಡಗರ ಹಟ್ಟಿಗಳಲ್ಲಿ ಹಣೆಯ ಮೇಲೆ ನೀಲಿ ಗುರುತಿರುವ ಅಜ್ಜಿಯರು ಇದ್ದಾರೆ, ಮೊಮ್ಮಕ್ಕಳಲ್ಲಿ ಅದು ಕಾಣುವುದು ಅಪರೂಪ. ಕೆಳಗಿನ ಬಯಲಿನಲ್ಲಿ, ಮೈಸೂರು ಸೀಮೆಯಲ್ಲೂ ತಮಿಳು ನಾಡಿನಲ್ಲೂ, ಊರೂರು ತಿರುಗಿ ಹಚ್ಚೆ ಹುಯ್ಯುತ್ತಿದ್ದವರು ಕೊರವ, ಕೊರಚ ಸಮುದಾಯದ ಹೆಂಗಸರು.

ಇವರ ಬಣ್ಣದ ಮೂಲ ದೀಪದ ಮಸಿ. ತಮಿಳು ಸೀಮೆಯ ಪದ್ಧತಿಯಂತೆ ಅರಿಸಿನ ಮತ್ತು ಅಗಸೆ ಸೊಪ್ಪನ್ನು ಬಟ್ಟೆಯಲ್ಲಿ ಸುತ್ತಿ ಬತ್ತಿ ಮಾಡಿ, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಬೋರಲು ಹಾಕಿದ ಮಡಕೆಗೆ ಕಟ್ಟಿದ ಕಪ್ಪನ್ನು ಕೆರೆದು ಕಲಸುತ್ತಿದ್ದರು. ಚುಚ್ಚಿ ಮುಗಿದ ಮೇಲೆ ಅರಿಸಿನದ ಪುಡಿ ಉಜ್ಜುತ್ತಿದ್ದರು. ಬಣ್ಣ ಎದ್ದು ಕಾಣಲಿ, ಬಾವು ಇಳಿಯಲಿ ಎಂಬುದು ಅದರ ಉದ್ದೇಶ. ಆರೈಕೆಯೆಂದು ದಾಖಲೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಇಷ್ಟೇ. ಇದನ್ನು ಮೂಢತನವೆಂದು ತಳ್ಳುವ ಅಗತ್ಯವಿಲ್ಲ. ಅರಿಸಿನಕ್ಕೆ ಉರಿಯೂತ ತಗ್ಗಿಸುವ ಗುಣ ಇರುವುದು ನಿಜ. ಆದರೆ ಆ ಹಚ್ಚೆ ಬಿಡಿ ಚುಕ್ಕೆಗಳ ಕೆಲಸ. ಚುಕ್ಕೆ ಚುಕ್ಕೆಯ ನಡುವೆ ಗಾಯವಾಗದ ಚರ್ಮ ಉಳಿದಿರುತ್ತಿತ್ತು, ಅಲ್ಲಿಂದ ಹೊಸ ಚರ್ಮ ಬೇಗ ಹಬ್ಬುತ್ತಿತ್ತು. ಇಂದಿನ ಯಂತ್ರ ನಿಮಿಷಕ್ಕೆ ಸಾವಿರಾರು ಬಾರಿ ಚುಚ್ಚಿ ಅಂಗೈಯಗಲದ ಜಾಗವನ್ನು ಸಂದಿಲ್ಲದಂತೆ ತುಂಬುತ್ತದೆ. ಅಜ್ಜಿಗೆ ಹೊಂದಿದ ಉಪಚಾರ ಈ ಗಾಯಕ್ಕೂ ಸಾಕೆನ್ನುವುದು ಹುಸಿ ಧೈರ್ಯ. ಅಡುಗೆಮನೆಯ ಅರಿಸಿನ ರೋಗಾಣುರಹಿತವಲ್ಲ, ಕೆಲವರ ಚರ್ಮಕ್ಕೆ ಅದು ಒಗ್ಗುವುದೂ ಇಲ್ಲ.

ಮಾಯುವ ಬಗೆ

ಒಳಗಿಳಿದ ಬಣ್ಣವನ್ನು ದೇಹ ಹೊರಗಿನ ವಸ್ತುವೆಂದೇ ಗುರುತಿಸುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಧಾವಿಸಿ ಕಣಗಳನ್ನು ನುಂಗುತ್ತವೆ, ಅರಗಿಸಲಾರದೆ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶ ಸತ್ತಾಗ ಬಣ್ಣ ಬಿಡುಗಡೆಯಾಗಿ ಮತ್ತೊಂದು ಕೋಶದ ಪಾಲಾಗುತ್ತದೆ. ಹಚ್ಚೆ ಹತ್ತಾರು ವರ್ಷ ಉಳಿಯುವುದು ಈ ಕೈಬದಲಿನಿಂದ ಎಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಹೊರಗೆ ಕಾಣುವುದು ಬೇರೆ. ಮೊದಲ ಎರಡು ಮೂರು ದಿನ ಕೆಂಪು, ಬಿಸಿ, ಸಣ್ಣ ಊತ. ಬಣ್ಣ ಬೆರೆತ ತಿಳಿ ರಸ ಒಸರುತ್ತದೆ. ಅದು ಕೀವಲ್ಲ. ನಾಲ್ಕನೆಯ ದಿನದ ಸುಮಾರಿಗೆ ತೆಳು ಸಿಪ್ಪೆ ಏಳತೊಡಗುತ್ತದೆ, ಅಲ್ಲಲ್ಲಿ ಹಕ್ಕಳೆ ಕಟ್ಟುತ್ತದೆ, ನವೆ ತಡೆಯಲಾಗುವುದಿಲ್ಲ. ಹಕ್ಕಳೆಯನ್ನು ಕಿತ್ತರೆ ಕೆಳಗಿನ ಬಣ್ಣವೂ ಬಂದುಬಿಡುತ್ತದೆ. ಹಚ್ಚೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ, ಉಗುರಿನಿಂದಲೇ. ಎರಡರಿಂದ ನಾಲ್ಕು ವಾರದಲ್ಲಿ ಮೇಲ್ಪದರ ಕೂಡಿಕೊಳ್ಳುತ್ತದೆ. ಆಗ ಚಿತ್ರ ಮಸುಕಾಗಿ, ಹಾಲು ಸವರಿದಂತೆ ಕಾಣುವುದು ಸಹಜ. ಒಳಗಿನ ಮಾಯುವಿಕೆಗೆ ಎರಡು ಮೂರು ತಿಂಗಳೂ ಹಿಡಿಯಬಹುದು.

ಸಾಮಾನ್ಯ ಕ್ರಮವನ್ನು ಚುಟುಕಾಗಿ ಹೇಳಬಹುದು. ಕಟ್ಟು ಬಿಚ್ಚುವ ಮುನ್ನ ಕೈ ತೊಳೆಯಬೇಕು. ದಿನಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚಗಿನ ಶುದ್ಧ ನೀರು ಮತ್ತು ಪರಿಮಳವಿಲ್ಲದ ಮೃದು ಸೋಪಿನಿಂದ ಬೆರಳಲ್ಲೇ ತೊಳೆದು, ಒರೆಸದೆ ಒತ್ತಿ ಒಣಗಿಸಿ, ಮುಲಾಮನ್ನು ಹೊಳಪು ಬರುವಷ್ಟೇ ತೆಳ್ಳಗೆ ಸವರಬೇಕು. ಸ್ನಾನ ಮಾಡಬಹುದು, ಆದರೆ ನೆನೆಯಬಾರದು. ನವೆಗೆ ಅಂಗೈಯಿಂದ ಮೆಲ್ಲನೆ ತಟ್ಟಬಹುದು. ಹಚ್ಚೆಗಾರರು ಪಾರದರ್ಶಕ ಅಂಟುಪೊರೆ ಹಾಕಿದ್ದರೆ ಅವರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಮೂರರಿಂದ ಐದು ದಿನ, ಅದನ್ನು ಬಿಡಬಹುದು; ಅಂಚು ಎದ್ದು ನೀರು ಒಳಹೊಕ್ಕರೆ ಆಗಲೇ ತೆಗೆಯಬೇಕು.

ಮೂರು ಊರು, ಮೂರು ಹವೆ

ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣದ ಪ್ರಖರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಚಳಿಗೆ ಬಿಸಿಲು ಹಿತವೆನಿಸುವುದರಿಂದ ಜನ ಬಿಸಿಲು ಕಾಯಿಸುತ್ತ ಕೂರುತ್ತಾರೆ, ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಮೋಡವಿದ್ದರೂ ಕಿರಣ ಪೂರ್ತಿ ನಿಲ್ಲುವುದಿಲ್ಲ. ಮಾಯುತ್ತಿರುವ ಹಚ್ಚೆಗೆ ಬಿಸಿಲು ತಗುಲಿದರೆ ಉರಿಯೂತ ಹೆಚ್ಚಿ, ನಮ್ಮಂಥ ಕಂದು ಮೈಬಣ್ಣದಲ್ಲಿ ಕಪ್ಪು ಕಲೆ ಉಳಿಯಬಹುದು. ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಚುವಂತಿಲ್ಲ. ಸಡಿಲ ಹತ್ತಿ ಬಟ್ಟೆಯ ಮರೆಯೇ ಗತಿ. ಮೇಲ್ಪದರ ಕೂಡಿದ ಮೇಲೆ ಎಸ್‌ಪಿಎಫ್ 30ರ ಮೇಲಿನ ಲೇಪ ಸರಿ. ಡಿಸೆಂಬರ್, ಜನವರಿಯ ಒಣ ಚಳಿ ಇನ್ನೊಂದು ತೊಡಕು. ಚರ್ಮ ಬಿರಿಯುತ್ತದೆ, ಹಕ್ಕಳೆ ದಪ್ಪಗಾಗುತ್ತದೆ. ಆಗ ಮುಲಾಮನ್ನು ದಪ್ಪಗೆ ಮೆತ್ತದೆ ಹೆಚ್ಚು ಸಲ ತೆಳ್ಳಗೆ ಹಚ್ಚಬೇಕು. ಸ್ವೆಟರ್, ಶಾಲುಗಳ ಉಣ್ಣೆ ನೇರವಾಗಿ ತಾಗಿದರೆ ಎಳೆ ಗಾಯಕ್ಕೆ ಅಂಟಿ, ತೆಗೆಯುವಾಗ ಸಿಪ್ಪೆಯನ್ನೂ ಕೀಳುತ್ತದೆ. ಒಳಗೊಂದು ಹತ್ತಿಯಂಗಿ ಇರಲೇಬೇಕು. ಚಳಿಗೆ ಸುಡುನೀರು ಸುರಿದುಕೊಳ್ಳುವ ಅಭ್ಯಾಸ ಇಲ್ಲಿ ಎಲ್ಲರದೂ. ಹಚ್ಚೆ ಇರುವ ಕಡೆಗೆ ಮಾತ್ರ ಆ ನೀರು ಬೇಡ.

ಗೂಡಲೂರಿನ ಕತೆ ತಿರುಗುಮುರುಗು. ಪಶ್ಚಿಮದ ಇಳಿಜಾರಿನಲ್ಲಿರುವ ಈ ತಾಲ್ಲೂಕಿಗೆ ನೈಋತ್ಯ ಮಳೆ ನೇರವಾಗಿ ಹೊಡೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆ ಒಣಗುವುದೇ ಕಷ್ಟ, ಚರ್ಮಕ್ಕೂ ಅದೇ ಪಾಡು. ಅಂಟುಪೊರೆಯ ಕೆಳಗೆ ಬೆವರು ನಿಂತು ಗಾಯ ಮೆತ್ತಗಾಗುತ್ತದೆ. ಪೆಟ್ರೋಲಿಯಂ ಜೆಲ್ಲಿಯಂಥ ದಪ್ಪ ಲೇಪವೂ ಇಲ್ಲಿ ಹಿತವಲ್ಲ. ಟೀ ತೋಟದಲ್ಲಿ ಚಿಗುರು ಕೀಳುವವರ ಮುಂಗೈ ದಿನವಿಡೀ ಒದ್ದೆ ಗಿಡಕ್ಕೆ ತೀಡುತ್ತಿರುತ್ತದೆ, ಔಷಧ ಹೊಡೆಯುವವರಿಗೆ ರಾಸಾಯನಿಕದ ಸಂಪರ್ಕ, ಜೊತೆಗೆ ಇಂಬಳದ ಕಾಟ. ಮುಂಗೈಗೋ ಕಣಕಾಲಿಗೋ ಹಚ್ಚೆ ಬೇಕೆನ್ನುವ ತೋಟದ ಕೆಲಸಗಾರರು ಮಳೆಗಾಲ ಮುಗಿಯಲೆಂದು ಕಾಯುವುದೇ ಒಳಿತು. ಎರಡು ವಾರ ರಜೆ ಹಾಕಿ ಗಾಯ ನೋಡಿಕೊಳ್ಳಿ ಎನ್ನುವುದು ಕೂಲಿಯವರಿಗೆ ಹೇಳುವ ಮಾತಲ್ಲ.

ಮಸಿನಗುಡಿ ಮಳೆಯ ಮರೆಯಲ್ಲಿದೆ. ಕಲ್ಲಟ್ಟಿ ಘಾಟಿಯ 36 ತಿರುವು ಇಳಿದರೆ ಸಾವಿರ ಮೀಟರಿನ ಆಸುಪಾಸಿಗೆ ಬಂದು ಕುರುಚಲು ಕಾಡು, ಧೂಳು, ಸೆಕೆ. ಬೆಂಗಳೂರು, ಮೈಸೂರಿನಿಂದ ಹಚ್ಚೆ ಹಾಕಿಸಿಕೊಂಡು ಆ ವಾರಾಂತ್ಯಕ್ಕೇ ಇಲ್ಲಿನ ರೆಸಾರ್ಟಿಗೆ ಬರುವವರು ಮರೆಯಬಾರದ್ದು ಎರಡು: ತೆರೆದ ಜೀಪಿನ ಧೂಳಿಗೆ ಗಾಯವನ್ನು ಒಡ್ಡಬಾರದು, ಈಜುಕೊಳಕ್ಕೂ ಹಳ್ಳಕ್ಕೂ ಇಳಿಯಬಾರದು. ತಿಳಿಯಾಗಿ ಹರಿಯುವ ನೀರೂ ದನ, ಕಾಡುಪ್ರಾಣಿ ಇಳಿದ ನೀರೇ.

ನೀಲಗಿರಿ ಎಣ್ಣೆ, ಮನೆಮದ್ದು ಮತ್ತು ಲಸಿಕೆ

ಉದಕಮಂಡಲದ ಅಂಗಡಿ ಸಾಲುಗಳಲ್ಲಿ ಬಾಟಲಿಗಟ್ಟಲೆ ಮಾರುವ ನೀಲಗಿರಿ ಎಣ್ಣೆ ನೆಗಡಿ, ಮೈಕೈ ನೋವಿಗೆ ಮನೆಮಾತು. ರೋಗಾಣು ಕೊಲ್ಲುತ್ತದೆಂಬ ಖ್ಯಾತಿಯೂ ಅದಕ್ಕಿದೆ. ಇದನ್ನೇ ನಂಬಿ ಹಸಿ ಹಚ್ಚೆಗೆ ಸವರಿದರೆ ಉರಿ, ಬೊಬ್ಬೆ, ಕೆಲವರಲ್ಲಿ ಅಲರ್ಜಿ. ನೋವಿಗೆ ಮಾರುವ ವಿಂಟರ್‌ಗ್ರೀನ್ ಎಣ್ಣೆಯೂ ಹೀಗೆಯೇ. ಎರಡೂ ಗಾಯಕ್ಕಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ದಿನವೂ ಹಾಕಿದರೆ ಹೊಸದಾಗಿ ಬೆಳೆಯುತ್ತಿರುವ ಕೋಶಗಳೇ ಸಾಯುತ್ತವೆ. ಔಷಧಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಕೆಂಪನ್ನು ಬೇಗ ಇಳಿಸಿ ಒಳಗಿನ ನಂಜನ್ನು ಮುಚ್ಚಿಡಬಹುದು. ಇದು ಎಲ್ಲಕ್ಕಿಂತ ಅಪಾಯದ್ದು. ಕೊಬ್ಬರಿ ಎಣ್ಣೆ ಸಿಪ್ಪೆ ಉದುರಿದ ಮೇಲಾದರೆ ತೊಂದರೆಯಿಲ್ಲ.

ಕ್ಯಾರೆಟ್, ಆಲೂಗಡ್ಡೆ ಬೆಳೆಯುವ ಈ ಜಿಲ್ಲೆಯಲ್ಲಿ ನೆನಪಿಡಬೇಕಾದ ರೋಗ ಧನುರ್ವಾಯು, ಏಕೆಂದರೆ ಅದರ ಬೀಜಕಣ ಮಣ್ಣಿನಲ್ಲಿರುತ್ತದೆ. ಅದನ್ನೂ ತಡೆಯುವ ತ್ರಿರೋಗ ಲಸಿಕೆಯನ್ನು ತಯಾರಿಸುತ್ತ ಬಂದಿರುವ ಪಾಸ್ಚರ್ ಸಂಸ್ಥೆ ಇದೇ ಜಿಲ್ಲೆಯ ಕೂನೂರಿನಲ್ಲಿ 1907ರಿಂದ ಇದೆ. ರಾಷ್ಟ್ರೀಯ ಪಟ್ಟಿಯಂತೆ 10 ಮತ್ತು 16ನೇ ವಯಸ್ಸಿನಲ್ಲಿ ಟಿ.ಡಿ. ಚುಚ್ಚುಮದ್ದು ಕೊಡುತ್ತಾರೆ, ಆಮೇಲೆ ಹತ್ತು ವರ್ಷವಾಗಿದ್ದರೆ ಹಚ್ಚೆಗೆ ಮುಂಚೆ ಒಂದು ಹಾಕಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಸೂಜಿ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಹೆಪಟೈಟಿಸ್ ಸಿ, ಎಚ್‌ಐವಿಗೆ ಲಸಿಕೆಯಿಲ್ಲ. ಕಣ್ಣೆದುರೇ ಬಿಚ್ಚಿದ ಹೊಸ ಸೂಜಿಯೇ ಮುಖ್ಯ ರಕ್ಷಣೆ.

ವೈದ್ಯರ ಬಳಿಗೆ ಯಾವಾಗ

ಮೂರನೆಯ ದಿನದ ನಂತರ ಕೆಂಪು ಇಳಿಯದೆ ಹರಡಿದರೆ, ನೋವು ಏರಿದರೆ, ದಪ್ಪ ಹಳದಿ ಕೀವು ಬಂದರೆ, ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹೊರಟರೆ, ಜ್ವರವೋ ನಡುಕವೋ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕೆಲವು ಸೋಂಕು ನಿಧಾನ. ಅಮೆರಿಕದ ರೊಚೆಸ್ಟರ್ ನಗರದಲ್ಲಿ 2011ರ ಕೊನೆಗೆ ಒಬ್ಬನೇ ಹಚ್ಚೆಗಾರನ 19 ಗಿರಾಕಿಗಳಿಗೆ ಮೈಕೋಬ್ಯಾಕ್ಟೀರಿಯಂ ಕೆಲೊನೆ ಎಂಬ ರೋಗಾಣು ತಗುಲಿತ್ತು. ಆತನ ಕೆಲಸದಲ್ಲಿ ಕೊಳಕಿರಲಿಲ್ಲ, ತರಿಸಿದ್ದ ಬೂದು ಬಣ್ಣದ ಇಂಕಿನಲ್ಲೇ ಅದು ಇತ್ತು. ಇಂಥ ಸೋಂಕಿನಲ್ಲಿ ಗಾಯ ಮಾಯಿತೆಂದುಕೊಳ್ಳುವಾಗ ಸಣ್ಣ ಗಂಟುಗಳೇಳುತ್ತವೆ, ಸಾಮಾನ್ಯ ಮಾತ್ರೆಗೆ ಬಗ್ಗುವುದಿಲ್ಲ. ಕೆಂಪು ಬಣ್ಣ ಹಾಕಿದ ಕಡೆ ಮಾತ್ರ ನವೆ, ದಡ್ಡು ಉಳಿದರೆ ಅದು ಅಲರ್ಜಿ ಇರಬಹುದು. ವರ್ಷಗಳ ಮೇಲೂ ಏಳುವುದುಂಟು. ಎದೆ, ಭುಜದ ಹಚ್ಚೆ ಕೆಲವರಲ್ಲಿ ಕೀಲಾಯ್ಡ್ ಎಂಬ ಉಬ್ಬುಗಲೆಯಾಗುತ್ತದೆ. ಹಿಂದಿನ ಗಾಯಗಳು ಹಾಗೆ ಉಬ್ಬಿದ್ದವರು ಹಚ್ಚೆಯ ಗೋಜಿಗೇ ಹೋಗದಿರುವುದು ವಾಸಿ.

ಗೂಡಲೂರು ಭಾಗದ ಆದಿವಾಸಿಗಳಲ್ಲಿ ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇರುವುದು ಚೆನ್ನಾಗಿ ಗೊತ್ತಿರುವ ಸಂಗತಿ. 1990ರಲ್ಲಿ ಆರಂಭವಾದ ಅಶ್ವಿನಿ ಸಂಸ್ಥೆ ಮತ್ತು ಅದರ ಗೂಡಲೂರು ಆದಿವಾಸಿ ಆಸ್ಪತ್ರೆ ಈ ರೋಗಿಗಳ ಆರೈಕೆಯಲ್ಲಿ ಬಹುಕಾಲದಿಂದ ತೊಡಗಿವೆ. ಈ ರೋಗದಲ್ಲಿ ಗುಲ್ಮದ ಶಕ್ತಿ ಕುಂದಿ ಸೋಂಕು ಬೇಗ ರಕ್ತಕ್ಕೇರಬಹುದು, ಆದ್ದರಿಂದ ಹಚ್ಚೆಗೆ ಮೊದಲೇ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಇದೇ ಮಾತು.

ಕಾನೂನು ಮತ್ತು ನಿಯಮ

ಹಚ್ಚೆ ಅಂಗಡಿಗಳಿಗೆಂದೇ ಮಾಡಿದ ಕೇಂದ್ರ ಕಾನೂನು ಭಾರತದಲ್ಲಿಲ್ಲ. ಕರ್ನಾಟಕದ ಆರೋಗ್ಯ ಇಲಾಖೆ 2025ರಲ್ಲಿ ಇಂಕಿನ ಮಾದರಿಗಳಲ್ಲಿ 22 ಬಗೆಯ ಲೋಹಗಳು ಕಂಡವೆಂದು ಹೇಳಿ ಕೇಂದ್ರದ ನಿಯಂತ್ರಣ ಕೋರಿತು. ರಕ್ತದಾನಿಗಳ ಆಯ್ಕೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತ ಕೊಡುವಂತಿಲ್ಲ. ಮದ್ರಾಸ್ ರೆಜಿಮೆಂಟಿನ ಕೇಂದ್ರ ಕೂನೂರು ಬಳಿಯ ವೆಲ್ಲಿಂಗ್ಟನ್‌ನಲ್ಲಿರುವುದರಿಂದ ಸೇನೆಯ ಕನಸು ಕಾಣುವ ಹುಡುಗರು ಇಲ್ಲಿ ಕಡಿಮೆಯಿಲ್ಲ. ಸೇನೆ ಒಪ್ಪುವುದು ಮುಂಗೈಯ ಒಳಬದಿ ಮತ್ತು ಹಸ್ತದ ಹಿಂಬದಿಯ ಹಚ್ಚೆಯನ್ನು ಮಾತ್ರ. ಬುಡಕಟ್ಟಿನ ಸಂಪ್ರದಾಯದ ಹಚ್ಚೆಗೆ ವಿನಾಯಿತಿಯಿದೆ.