ಆಸ್ಪಿನ್‌ವಾಲ್ ಅಂಗಳದ ಒರಳುಕಲ್ಲುಗಳು

ಸೂಲೂರು, ಪಲ್ಲಡಂ, ಕಾಂಗೇಯಂ ಸೀಮೆಯವರಿಗೆ ಕೊಬ್ಬರಿಯ ಘಾಟು ಹೊಸದೇನಲ್ಲ. ಕಾಂಗೇಯಂ ಕಣಗಳಲ್ಲಿ ಇವತ್ತಿಗೂ ಕೊಬ್ಬರಿ ಒಣಗುತ್ತದೆ, ಗಿರಣಿಗಳಲ್ಲಿ ಎಣ್ಣೆಯಾಗುತ್ತದೆ. ಇಲ್ಲಿಂದ ಪಾಲಕ್ಕಾಡಿನ ಕಣಿವೆ ದಾಟಿದರೆ ಸಿಗುವ ದೊಡ್ಡ ಬಂದರು ಕೊಚ್ಚಿ. ಎಣ್ಣೆ ವ್ಯಾಪಾರದ ಹಳೆಯ ಕಟ್ಟಡವೊಂದು ಕಲೆಯ ಮನೆಯಾದದ್ದು ಅಲ್ಲಿ.

ಜಾನ್ ಎಚ್. ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವರ್ತಕ 1867ರಲ್ಲಿ ಶುರುಮಾಡಿದ ಕಂಪನಿಯದಾಗಿತ್ತು ಈ ಕಟ್ಟಡ. ಕೊಬ್ಬರಿ ಎಣ್ಣೆ, ಕಾಳುಮೆಣಸು, ಮರ, ಮಜ್ಜಿಗೆಹುಲ್ಲಿನ ಎಣ್ಣೆ, ಶುಂಠಿ, ಅರಿಸಿನ, ತೊಗಲು ಎಲ್ಲವೂ ಅವರ ಸರಕು. ನಾರು, ಚಹಾ, ರಬ್ಬರ್ ಆಮೇಲೆ ಬಂದವು. ಮಂಗಳೂರಿನವರಿಗೆ ಈ ಹೆಸರು ಪರಿಚಯವಾದದ್ದು ಕಾಫಿಯಿಂದ.

2012ರ ಡಿಸೆಂಬರ್ 12ರಂದು ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಇಲ್ಲಿ ಬಾಗಿಲು ತೆರೆಯಿತು. ಕಲಾವಿದರಾದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಅದರ ರೂವಾರಿಗಳು. ಉಗ್ರಾಣವನ್ನು ಅರಮನೆ ಮಾಡಲು ಅವರು ಹೋಗಲಿಲ್ಲ. ಗಾರೆ ಉದುರಿದ ಗೋಡೆಗಳನ್ನು ಇದ್ದ ಹಾಗೆಯೇ ಬಿಟ್ಟದ್ದು, ನನ್ನ ಮಟ್ಟಿಗೆ, ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಜೀರ್ಣೋದ್ಧಾರವೆಂದರೆ ಗ್ರಾನೈಟ್ ಹಾಸಿ ಪೇಂಟ್ ಬಳಿಯುವುದೆಂದು ನಂಬಿದ ನಮ್ಮ ದೇವಸ್ಥಾನ ಸಮಿತಿಗಳು ಒಮ್ಮೆ ಹೋಗಿ ನೋಡಬೇಕು.

ಆ ಮೊದಲ ವರ್ಷವೇ ಕರ್ನಾಟಕದ ಕಲ್ಲು ಅಲ್ಲಿ ಸೇರಿತು. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ, ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು ಆಸ್ಪಿನ್‌ವಾಲ್ ಆವರಣದಲ್ಲಿ ಹರಡಿದರು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಅಡುಗೆಮನೆಯಿಂದ ಹೊರಬಿದ್ದ ಕಲ್ಲುಗಳವು. ಒಡೆಯಲು ಮನಸ್ಸು ಬಾರದೆ, ಇಟ್ಟುಕೊಳ್ಳಲು ಜಾಗವೂ ಸಾಲದೆ ಜನ ಬೀದಿಬದಿಗೆ ಉರುಳಿಸಿದ್ದವು. ಹಡಗಿಗೆ ಹೇರಲು ಕಾದ ಸರಕಿನಂತೆ ಅವು ನೀರಿನಂಚಿನಲ್ಲಿ ಕೂತವು. ಆ ಜಾಗಕ್ಕೆ ಇದಕ್ಕಿಂತ ಒಪ್ಪುವ ಕೃತಿ ಇನ್ನೊಂದು ಬಂದಿಲ್ಲ ಎಂದೇ ನನ್ನ ಅನಿಸಿಕೆ. 2014ರಲ್ಲಿ ಶಿಲ್ಪಿ ಅನೀಶ್ ಕಪೂರ್ ಇಲ್ಲೇ ನೆಲದೊಳಗೆ ನೀರಿನ ಸುಳಿ ತಿರುಗಿಸಿದ್ದನ್ನು ಲೆಕ್ಕಕ್ಕೆ ಹಿಡಿದೂ.

2016ರ ಆವೃತ್ತಿಯ ಹೊಣೆ ಹೊತ್ತವರು ಮಂಗಳೂರು ಮೂಲದ ಕಲಾವಿದ ಸುದರ್ಶನ್ ಶೆಟ್ಟಿ. ಅವರು ಕವಿಗಳನ್ನೂ ಕರೆದರು. ಚಿಲಿಯ ರಾವುಲ್ ಜುರಿಟಾ ಒಂದು ಉಗ್ರಾಣಕ್ಕೆ ಸಮುದ್ರದ ನೀರನ್ನೇ ತುಂಬಿಸಿದರು. ಮೆಡಿಟರೇನಿಯನ್ ದಾಟುವಾಗ ಮುಳುಗಿದ ಸಿರಿಯಾದ ಹುಡುಗ ಗಾಲಿಪ್ ಕುರ್ದಿಯ ನೆನಪಿಗೆ ಅದು. ಗೋಡೆಯ ಮೇಲಿನ ಸಾಲುಗಳನ್ನು ಓದಬೇಕಾದರೆ ನೋಡುಗರು ಆ ನೀರಿಗೇ ಇಳಿಯಬೇಕಿತ್ತು.

ಆದರೆ ಆ ವರ್ಷಗಳಲ್ಲಿ ಕಟ್ಟಡ ಬಿನಾಲೆಯ ಸ್ವಂತದ್ದಾಗಿರಲಿಲ್ಲ, ಡಿಎಲ್‌ಎಫ್ ಕಂಪನಿಯದಾಗಿತ್ತು. ಇಷ್ಟು ಹೆಸರು ಮಾಡಿದ ಕಲಾತಾಣಕ್ಕೆ ಪ್ರತಿ ಸಲವೂ ಒಡೆಯರ ಒಪ್ಪಿಗೆ ಬೇಕಾಗುತ್ತಿತ್ತು.