ಕೌದಿ ಹೊಲಿಗೆಯಲ್ಲಿ ಉಳಿಯುವ ಬಟ್ಟೆಪಟ್ಟಿಗಳ ವಿಂಗಡಣೆ ಮತ್ತು ಸದ್ಬಳಕೆ

ಹಳೆಯ ಸೀರೆ, ಪಂಚೆಗಳನ್ನು ಪದರಪದರವಾಗಿ ಹಾಸಿ ಕೈಹೊಲಿಗೆಯಿಂದ ಕೌದಿ ಸಿದ್ಧಪಡಿಸುವುದು ನಮ್ಮ ರಾಜ್ಯದ ಕೃಷಿ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದ ಕೆಲಸ. ಬಟ್ಟೆಯನ್ನು ಅಳತೆಗೆ ಕತ್ತರಿಸಿದಾಗ ಉಳಿಯುವ ಪಟ್ಟಿಗಳು ಮನೆಯ ಕಸದೊಡನೆ ತಿಪ್ಪೆ ಸೇರಿದರೆ, ಗೊಬ್ಬರದ ಮೂಲಕ ಹೊಲವನ್ನೂ ತಲುಪುತ್ತವೆ. ತುಮಕೂರು ನಗರದ ಶೆಟ್ಟಿಹಳ್ಳಿ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಅದೇ ಹೆಸರಿನ ಊರುಗಳನ್ನು ಒಳಗೊಂಡ ಈ ಭಾಗದಲ್ಲಿ ರಾಗಿ, ತೆಂಗು, ಅಡಿಕೆಯ ಜೊತೆಗೆ ಹೈನುಗಾರಿಕೆಯೂ ಇದೆ. ಹೀಗಾಗಿ ಒಂದು ಪಟ್ಟಿ ಮಣ್ಣನ್ನೂ ಬಾಧಿಸಬಲ್ಲದು, ಹಸುವಿನ ಹೊಟ್ಟೆಯನ್ನೂ ಸೇರಬಲ್ಲದು. ಆದ್ದರಿಂದ ಪಟ್ಟಿಯನ್ನು ಬಳಸುವ ಅಥವಾ ಎಸೆಯುವ ಮುನ್ನ ಅದು ಯಾವ ನೂಲಿನದೆಂದು ತಿಳಿಯುವುದು ಅಗತ್ಯ.

1. ನೂಲನ್ನು ಗುರುತಿಸುವ ವಿಧಾನ

ಪಟ್ಟಿಯಿಂದ ನಾಲ್ಕೈದು ಎಳೆಗಳನ್ನು ಮಾತ್ರ ಬಿಡಿಸಿ, ಚಿಮುಟದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಉರಿಗೆ ಒಡ್ಡಿರಿ. ಹುಲ್ಲು, ಬಟ್ಟೆಗಳಿಂದ ದೂರದಲ್ಲಿ ಹಿರಿಯರೇ ಈ ಪರೀಕ್ಷೆ ನಡೆಸಬೇಕು.

• ಹತ್ತಿ: ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಉದುರುವ ಬೂದು ಬಣ್ಣದ ಬೂದಿ ಉಳಿಯುತ್ತದೆ.
• ಪಾಲಿಯೆಸ್ಟರ್, ನೈಲಾನ್: ಎಳೆ ಮುದುಡಿ ಕರಗುತ್ತದೆ, ಆರಿದ ಮೇಲೆ ಗಟ್ಟಿ ಗುಂಡು ಉಳಿಯುತ್ತದೆ.
• ಮಿಶ್ರ ನೂಲು: ಎರಡೂ ಲಕ್ಷಣಗಳು ಕಂಡುಬರುತ್ತವೆ. ಇದನ್ನು ಕೃತಕ ನೂಲೆಂದೇ ಪರಿಗಣಿಸಬೇಕು.

2. ಕೌದಿಗೇ ಮರಳಿ ಬಳಸುವುದು

ಎರಡು ಅಂಗುಲಕ್ಕಿಂತ ಅಗಲವಾದ ಪಟ್ಟಿಗಳನ್ನು ಒಗೆದು ಒಣಗಿಸಿ, ಕಾಲು ಅಂಗುಲ ಅಂಚು ಬಿಟ್ಟು ಉದ್ದಕ್ಕೆ ಜೋಡಿಸಿರಿ. ಒಂದು ಸಾಲನ್ನು ಮೇಲಿನಿಂದ, ಮುಂದಿನದನ್ನು ಕೆಳಗಿನಿಂದ ಹೊಲಿದರೆ ಜೋಡಣೆ ಒಂದು ಬದಿಗೆ ವಾಲುವುದಿಲ್ಲ. ಕಿರಿದಾದ ತುಂಡುಗಳನ್ನು ಒಳಪದರದಲ್ಲಿ ಸಮನಾಗಿ ಹರಡಬಹುದು, ಅಥವಾ ಜಡೆಯಂತೆ ಹೆಣೆದು ಕಾಲೊರಸು ಮಾಡಬಹುದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುತ್ತ, ಸಿಕ್ಕ ಅಳತೆಯ ತುಂಡುಗಳನ್ನು ಅಂಚು ಮಡಿಸಿ ಕೂಡಿಸುತ್ತಾರೆ. ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ತುಂಡುಗಳನ್ನು ಸೇರಿಸುತ್ತಾರೆ. ಈ ಕ್ರಮದಲ್ಲಿ ಚಿಕ್ಕ ತುಂಡಿಗೂ ಸ್ಥಾನವಿದೆ. ಕೀಟನಾಶಕ ತಗುಲಿದ ಬಟ್ಟೆಯನ್ನು ಹಾಸಿಗೆ, ಹೊದಿಕೆಗೆ ಎಂದಿಗೂ ಬಳಸಬಾರದು.

3. ತೋಟದಲ್ಲಿ ಕಟ್ಟಲು

ಟೊಮ್ಯಾಟೊ ಗಿಡವನ್ನು ಆಸರೆ ಕೋಲಿಗೆ, ಕಾಳುಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಕಟ್ಟಲು ಹತ್ತಿಯ ಪಟ್ಟಿ ಸೂಕ್ತ. ಗಿಡಕ್ಕೂ ಕೋಲಿಗೂ ನಡುವೆ 8ರ ಆಕಾರದಲ್ಲಿ, ಒಂದು ಬೆರಳು ಆಡುವಷ್ಟು ಸಡಿಲವಾಗಿ ಕಟ್ಟಿರಿ. ಮೆಣಸಿನ ಬಳ್ಳಿ ಬೇರು ಬಿಟ್ಟು ಮರಕ್ಕೆ ಅಂಟಿಕೊಂಡ ಮೇಲೆ ಹತ್ತಿಯ ಕಟ್ಟು ಕ್ರಮೇಣ ಕೊಳೆತು ಉದುರುತ್ತದೆ. ಕೃತಕ ನೂಲಿನ ಕಟ್ಟು ಕೊಳೆಯದೆ, ದಪ್ಪವಾಗುವ ಕಾಂಡವನ್ನು ಬಿಗಿದು ಗಾಯ ಮಾಡುತ್ತದೆ. ರೋಗ ತಗುಲಿದ ಬೆಳೆಯ ಕಟ್ಟುಗಳನ್ನು ಮರುಬಳಸಬಾರದು.

4. ಕಾಂಪೋಸ್ಟ್ ಗುಂಡಿಗೆ

ಶುದ್ಧ ಹತ್ತಿಯ ತುಂಡುಗಳು ಮಾತ್ರ ಗುಂಡಿಗೆ ಯೋಗ್ಯ. ಗುಂಡಿ, ಕೊಕ್ಕೆ, ಜರಿ, ಎಲಾಸ್ಟಿಕ್ ಹಾಗೂ ಪಾಲಿಯೆಸ್ಟರ್ ಹೊಲಿಗೆ ದಾರವನ್ನು ತೆಗೆದು, ಒಂದೆರಡು ಅಂಗುಲದ ಚೂರುಗಳಾಗಿ ಕತ್ತರಿಸಿ, ಸಗಣಿ ಮತ್ತು ಹಸಿರೆಲೆಯೊಡನೆ ತೆಳುವಾಗಿ ಬೆರೆಸಿರಿ. ಹತ್ತಿಯಲ್ಲಿ ಬಹುಪಾಲು ಸೆಲ್ಯುಲೋಸ್ ಇದ್ದು, ಸಾರಜನಕ ಅತ್ಯಲ್ಪ. ಹೆಚ್ಚು ಪ್ರಮಾಣದ ಚೂರುಗಳನ್ನು ನೇರವಾಗಿ ಮಣ್ಣಿಗೆ ಸೇರಿಸಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು, ಬೆಳೆ ತಾತ್ಕಾಲಿಕವಾಗಿ ಹಳದಿಯಾಗಬಹುದು. ಗುಂಡಿಯ ಮಿಶ್ರಣದಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಆರಂಭದಲ್ಲಿ 25ರಿಂದ 30:1 ಇರುವುದು ಉತ್ತಮ.

5. ಮಾಡಬಾರದ ಕಾರ್ಯಗಳು

• ಕೃತಕ ನೂಲಿನ ಪಟ್ಟಿಯನ್ನು ತಿಪ್ಪೆಗೆ ಹಾಕಬಾರದು. ಅದು ಕೊಳೆಯದೆ, ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳಾಗಿ ಒಡೆದು ಮಣ್ಣಿನಲ್ಲಿ ಉಳಿಯುತ್ತದೆ. ಉದ್ದ ಪಟ್ಟಿಗಳು ರೋಟವೇಟರ್‌ಗೆ ಸುತ್ತಿಕೊಳ್ಳುತ್ತವೆ.
• ಒಲೆಯಲ್ಲಿ ಅಥವಾ ಬಯಲಿನಲ್ಲಿ ಸುಡಬಾರದು. ಹೊಗೆ ಹಾನಿಕರ, ಕರಗಿದ ಹನಿ ಚರ್ಮವನ್ನು ಸುಡುತ್ತದೆ.
• ಕೊಟ್ಟಿಗೆಯ ಬಳಿ ಪಟ್ಟಿಗಳನ್ನು ಬಿಡಬಾರದು. ನುಂಗಿದ ಬಟ್ಟೆ ಹೊಟ್ಟೆಯಲ್ಲಿ ಗಂಟುಕಟ್ಟಿ ಮೆಲುಕು ನಿಲ್ಲಬಹುದು, ಹೊಟ್ಟೆ ಉಬ್ಬರಿಸಬಹುದು. ಹಸು ಪದೇ ಪದೇ ಬಟ್ಟೆ ಮೆಲ್ಲುತ್ತಿದ್ದರೆ ಅದು ರಂಜಕದ ಕೊರತೆಯ ಲಕ್ಷಣವಾಗಿರಬಹುದು, ಪಶುವೈದ್ಯರಿಗೆ ತೋರಿಸಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸ್ವಸಹಾಯ ಸಂಘಗಳ ಹೊಲಿಗೆ ತರಬೇತಿಯ ಮೊದಲ ದಿನವೇ ಎಳೆ ಪರೀಕ್ಷೆಯನ್ನು ಪ್ರಾತ್ಯಕ್ಷಿಕೆಯಾಗಿ ತೋರಿಸಿ, ಹೊಲಿಯುವ ಸ್ಥಳದಲ್ಲಿ ಎರಡು ಚೀಲಗಳನ್ನು ಇರಿಸಿರಿ. ಹತ್ತಿಯ ಚೀಲ ಕೌದಿ, ತೋಟ, ಗುಂಡಿಗೆ. ಕೃತಕ ನೂಲಿನ ಚೀಲ ಕೌದಿಯ ಒಳಪದರ ಮತ್ತು ಕಾಲೊರಸಿಗೆ. ಅದರಲ್ಲೂ ಮಿಕ್ಕಿದ್ದನ್ನು ಗ್ರಾಮ ಪಂಚಾಯಿತಿಯ ಅಥವಾ ನಗರದ ಒಣಕಸ ಸಂಗ್ರಹಕ್ಕೆ ನೀಡಬೇಕು. ಗೊಬ್ಬರ ತಯಾರಿಕೆಯ ಹೆಚ್ಚಿನ ಮಾಹಿತಿಗೆ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಅಥವಾ ತುಮಕೂರು ಸಮೀಪದ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.