ವೂತಾಯ್ ಬೆಟ್ಟಕ್ಕೆ ಹೋಗೋ ಅಣ್ಣನಿಗೆ ಒಂದು ನೋಟ್

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಸಂಘಟನೆಯಲ್ಲಿ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅಣ್ಣ ಅಂತಲೇ ಕರೆಯೋದು. ಸರ್ವೀಸಲ್ಲಿದ್ದಷ್ಟು ದಿನ ಎಲ್ಲೂ ಹೋಗದವರು, ರಿಟೈರಾದ ಮೇಲೆ ಸಾರನಾಥ, ಬುದ್ಧಗಯಾ, ಕುಶಿನಗರ ಎಲ್ಲ ನೋಡಿಬಂದರು. ಈಗ ಮಗಳು ಅಳಿಯನ ಜೊತೆ ಚೀನಾದ ವೂತಾಯ್ ಬೆಟ್ಟಕ್ಕೆ ಹೊರಟಿದ್ದಾರೆ. ಮೊನ್ನೆ ಸಿಕ್ಕಾಗ, "ನೀನು ಗುಮಾಸ್ತ ಅಲ್ವೇನಯ್ಯಾ, ದಿನಾ ಫೈಲಿಗೆ ನೋಟ್ ಹಾಕ್ತೀಯ. ನಂಗೂ ಒಂದು ನೋಟ್ ಬರಕೊಡು. ಬುದ್ಧ ಅಲ್ಲಿಗೆ ಹೆಂಗೆ ಹೋದ, ಅಲ್ಲಿ ನಾನು ಏನು ನೋಡ್ಬೇಕು, ಎರಡೇ ಪುಟ" ಅಂದರು. ಎರಡು ಪುಟದಲ್ಲಿ ಮುಗಿಯಲಿಲ್ಲ. ಅವರಿಗೆ ಕೊಟ್ಟಿದ್ದನ್ನೇ ಇಲ್ಲೂ ಹಾಕ್ತಿದ್ದೇನೆ.

ಅಣ್ಣಾ,

ಬುದ್ಧ ಯಾರು, ಏನು ಹೇಳಿದ ಅಂತ ನಿಮಗೆ ಹೇಳೋಕೆ ನಾನ್ಯಾರು. ಲುಂಬಿನಿಯಲ್ಲಿ ಹುಟ್ಟಿದ, ಗಯಾದಲ್ಲಿ ಅರಿವು ಪಡೆದ, ಸಾರನಾಥದಲ್ಲಿ ಐದು ಜನರಿಗೆ ಮೊದಲು ಹೇಳಿದ, ಕುಶಿನಗರದಲ್ಲಿ ಕಣ್ಣು ಮುಚ್ಚಿದ. ಕೊನೆಯ ಊಟ ಹಾಕಿದ್ದು ಚುಂದ ಅನ್ನೋ ಕಮ್ಮಾರ. ದುಃಖ ಇದೆ, ಅದಕ್ಕೆ ಕಾರಣ ಇದೆ, ಕಾರಣ ಹೋದರೆ ದುಃಖ ಹೋಗುತ್ತೆ, ಅದಕ್ಕೊಂದು ದಾರಿ ಇದೆ. ಇದರಲ್ಲಿ ದೇವರೂ ಇಲ್ಲ, ಸತ್ತ ಮೇಲೂ ಉಳಿಯೋ ಆತ್ಮವೂ ಇಲ್ಲ. ಮುದುಕನನ್ನ, ರೋಗಿಯನ್ನ, ಹೆಣವನ್ನ ನೋಡಿ ಸಿದ್ಧಾರ್ಥ ಮನೆ ಬಿಟ್ಟ ಅನ್ನೋ ಕಥೆಯನ್ನ ಬಾಬಾಸಾಹೇಬರು ಒಪ್ಪಲಿಲ್ಲ. ರೋಹಿಣಿ ನದಿ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಬೇಡ ಅಂದವನು ಅವನು, ಅದಕ್ಕೇ ಹೊರಡಬೇಕಾಯಿತು ಅಂತ ಬರೆದರು. ನೀರಿನ ಜಗಳ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸಂಘದೊಳಗೆ ಬಂದವರು ಯಾರು ನೋಡಿ. ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಕೊಟ್ಟಿದ್ದು, ರಾಜಕುಮಾರರು ಅವನಿಗೆ ನಮಸ್ಕಾರ ಮಾಡಲಿ ಅಂತಲೇ. ಕಸ ಗುಡಿಸುವ ಸುನೀತ ಬಂದ. ಬಾವಿ ಹತ್ತಿರ ಪ್ರಕೃತಿ ಅನ್ನೋ ಮಾತಂಗ ಹುಡುಗಿಯ ಹತ್ತಿರ ಆನಂದ ನೀರು ಕೇಳಿದ ಕಥೆ ಗೊತ್ತಲ್ಲ. ನಾನು ಮಾತಂಗರವಳು, ಹೆಂಗೆ ಕೊಡಲಿ ಅಂದಳು. ನಾನು ಕೇಳಿದ್ದು ನೀರು, ಜಾತಿಯಲ್ಲ ಅಂದ ಆನಂದ. ಟಾಗೋರರ 'ಚಂಡಾಲಿಕಾ' ನಾಟಕ ಇದೇ. ಈ ಕಥೆ ಮೂರು-ನಾಲ್ಕನೇ ಶತಮಾನದ ಹೊತ್ತಿಗೇ ಚೀನೀ ಭಾಷೆಗೆ ಹೋಗಿದೆ ಅಣ್ಣಾ. ಮಾತಂಗರ ನಾಯಕ ತ್ರಿಶಂಕು ಬ್ರಾಹ್ಮಣನ ಎದುರು ಕೂತು, ಹುಟ್ಟಿನಿಂದ ಮೇಲು ಕೀಳು ಹೆಂಗಾಗುತ್ತೆ ಹೇಳು ಅಂತ ವಾದ ಮಾಡೋದೂ ಅದರಲ್ಲೇ ಬರುತ್ತೆ. ನಮ್ಮ ದೇಶದಲ್ಲಿ ಮರೆತ ವಾದವನ್ನ ಅಲ್ಲಿನವರು ತಮ್ಮ ಲಿಪಿಯಲ್ಲಿ ಬರೆದಿಟ್ಟುಕೊಂಡರು.

ಇನ್ನು ಹೋದ ದಾರಿ. ಅಶೋಕನಿಂದ ಧಮ್ಮ ಗಂಧಾರದವರೆಗೆ ಹೋಯಿತು, ನಮ್ಮ ಮಸ್ಕಿ, ಸನ್ನತಿಗಳಿಗೂ ಬಂತು. ಕುಷಾಣರ ಕಾಲದಲ್ಲಿ ರೇಷ್ಮೆ ದಾರಿ ಹಿಡಿದು ಖೋತಾನ್, ಕೂಚಾ, ದುನ್‌ಹುವಾಂಗ್ ಮೂಲಕ ಒಳಗೆ ಇಳಿಯಿತು. ದೊಡ್ಡ ಸೈನ್ಯ ಹೊತ್ತುಕೊಂಡು ಹೋಗಿದ್ದಲ್ಲ. ವ್ಯಾಪಾರದ ಒಂಟೆಗಳ ಜೊತೆ ನಡೆದವರು ಒಯ್ದದ್ದು.

ಅಲ್ಲಿ ಗೈಡ್ ನಿಮಗೆ ಒಂದು ಕಥೆ ಹೇಳೇ ಹೇಳ್ತಾನೆ. ಹಾನ್ ಚಕ್ರವರ್ತಿ ಮಿಂಗ್ ಕನಸಲ್ಲಿ ಹೊಳೆಯುವ ಬಂಗಾರದ ಮನುಷ್ಯನನ್ನ ಕಂಡ, ಆಳುಗಳನ್ನ ಪಶ್ಚಿಮಕ್ಕೆ ಕಳಿಸಿದ, ಇಬ್ಬರು ಭಿಕ್ಕುಗಳು ಬಿಳಿ ಕುದುರೆ ಮೇಲೆ ಗ್ರಂಥ ಹೇರಿಕೊಂಡು ಬಂದರು, ಕ್ರಿ.ಶ. 68ರಲ್ಲಿ ಲುವೊಯಾಂಗ್‌ನಲ್ಲಿ ಬಿಳಿ ಕುದುರೆ ವಿಹಾರ ಕಟ್ಟಿದರು ಅಂತ. ಅವರೇ ವೂತಾಯ್‌ಗೂ ಬಂದು ಅಲ್ಲಿನ ಷಿಯೆನ್‌ತೊಂಗ್ ವಿಹಾರ ಶುರು ಮಾಡಿದರು ಅಂತ ಬೆಟ್ಟದವರು ಹೇಳ್ತಾರೆ. ಆ ಇಬ್ಬರಲ್ಲಿ ಒಬ್ಬರ ಹೆಸರು ಕಾಶ್ಯಪ ಮಾತಂಗ.

ಮಾತಂಗ! ಮೊದಲ ಸಲ ಓದಿದಾಗ ನಂಗೆ ಮೈ ಜುಮ್ ಅಂತು. ಚೀನಾಕ್ಕೆ ಬುದ್ಧನನ್ನ ಮೊದಲು ಹೊತ್ತವನು ನಮ್ಮವನೇ ಅಂತ ಅವತ್ತೇ ಸ್ಟೇಟಸ್ ಹಾಕೋಣ ಅನ್ನಿಸಿತ್ತು. ಹಾಕಲಿಲ್ಲ. ಆ ಹೆಸರು ಇರೋದು ಚೀನೀ ಅಕ್ಷರದ ಉಚ್ಚಾರದಲ್ಲಿ, 'ಮಾತಂಗ' ಅಂತ ಓದಿದ್ದು ಆಮೇಲಿನ ಪಂಡಿತರ ಊಹೆ. ಕನಸಿನ ಕಥೆಯೂ ನಂತರ ಹುಟ್ಟಿದ್ದು ಅಂತಲೇ ಇತಿಹಾಸಕಾರರು ಹೇಳೋದು. ಪುರಾಣ ಹೇಳೋರಿಗೆ ಸಾಕ್ಷಿ ಕೇಳೋ ನಾವು, ನಮಗೆ ಖುಷಿ ಕೊಡೋ ಪುರಾಣಕ್ಕೆ ಸಾಕ್ಷಿ ಕೇಳದೇ ಇದ್ದರೆ ಹೆಂಗೆ? ಗೈಡ್ ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲಿಗೆ ಬಂದು ಭಾಷಣದಲ್ಲಿ ಹೇಳಬೇಡಿ ಅಣ್ಣಾ, ಬೇಜಾರಾಗಬೇಡಿ.

ಗಟ್ಟಿ ದಾಖಲೆ ಸಿಗೋದು 148ರಿಂದ. ಪಾರ್ಥಿಯಾದ ಆನ್ ಶಿಗಾವ್ ಲುವೊಯಾಂಗ್‌ಗೆ ಬಂದು ಅನುವಾದಕ್ಕೆ ಕೂತ. ಹಿಂದೆಯೇ ಕುಷಾಣರ ನಾಡಿನ ಲೋಕಕ್ಷೇಮ. 401ರಲ್ಲಿ ಚಾಂಗಾನ್‌ಗೆ ಕುಮಾರಜೀವ ಬಂದ, ತಂದೆ ಭಾರತದವನು, ತಾಯಿ ಕೂಚಾದವಳು. ಚೀನಾದವರು ಇವತ್ತಿಗೂ ಓದುವ ಸದ್ಧರ್ಮಪುಂಡರೀಕ, ವಜ್ರಚ್ಛೇದಿಕ ಅವನ ಅನುವಾದವೇ. ಆ ವಜ್ರಚ್ಛೇದಿಕದ 868ರ ಒಂದು ಪ್ರತಿ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿತು. ತಾರೀಖು ಇರುವ ಮುದ್ರಿತ ಪುಸ್ತಕಗಳಲ್ಲಿ ಜಗತ್ತಿಗೇ ಹಳೆಯದು. ಅಕ್ಷರ ಕೇಳಿಸಿಕೊಂಡರೆ ಕಿವಿಗೆ ಸೀಸ ಕಾಯಿಸಿ ಹುಯ್ಯಿ ಅಂತ ಬರೆದಿಟ್ಟುಕೊಂಡ ದೇಶದಿಂದ ಹೋದ ಧರ್ಮ, ಎಲ್ಲರಿಗೂ ಹಂಚೋಕೆ ಅಂತ ಅಚ್ಚು ಹಾಕಿಸಿಕೊಂಡಿತು.

ಚೀನಾದವರು ಸುಮ್ಮನೆ ಒಪ್ಪಿದರು ಅಂದ್ಕೋಬೇಡಿ. ತಲೆ ಬೋಳಿಸೋದು ಅಪ್ಪ ಅಮ್ಮ ಕೊಟ್ಟ ಮೈಗೆ ಅವಮಾನ, ಮಕ್ಕಳು ಹುಟ್ಟಿಸದೆ ಇರೋದು ವಂಶಕ್ಕೆ ದ್ರೋಹ ಅಂದರು. ಭಿಕ್ಕುಗಳು ರಾಜನಿಗೆ ಬಾಗಬೇಕೋ ಬೇಡವೋ ಅಂತ ದೊಡ್ಡ ಜಗಳವೇ ಆಯಿತು. ಹುಯ್‌ಯುವಾನ್ ಅನ್ನೋ ಭಿಕ್ಕು 404ರಲ್ಲಿ, ಬಾಗಬೇಕಾಗಿಲ್ಲ ಅಂತ ಒಂದು ಪ್ರಬಂಧವನ್ನೇ ಬರೆದ.

ಈಗ ನಾನು ನಿಜವಾಗಿ ಹೇಳಬೇಕಾಗಿದ್ದ ವಿಷಯ.

ಹೈಸ್ಕೂಲಲ್ಲಿ ಫಾಹಿಯಾನ್, ಹ್ಯುಯೆನ್ ತ್ಸಾಂಗ್ ಅಂತ ಎರಡು ಮಾರ್ಕಿನ ಪ್ರಶ್ನೆ ಬರುತ್ತಿತ್ತು. 'ಚೀನಾದ ಯಾತ್ರಿಕರು, ಭಾರತದ ಸಂಪತ್ತನ್ನು ಹೊಗಳಿದ್ದಾರೆ' ಅಂತ ಬರೆದರೆ ಮಾರ್ಕ್ಸ್. ಅವರು ನಮ್ಮ ಬಗ್ಗೆ ಏನು ಬರೆದರು ಅಂತ ಯಾವ ಮೇಷ್ಟರೂ ಹೇಳಲಿಲ್ಲ.

ಫಾಹಿಯಾನ್ 399ರಲ್ಲಿ ಚಾಂಗಾನ್ ಬಿಟ್ಟಾಗ ಅರವತ್ತರ ಆಸುಪಾಸು, ನಿಮ್ಮ ವಯಸ್ಸೇ ಅನ್ನಿ. ಚೀನಾದಲ್ಲಿ ವಿನಯದ ಗ್ರಂಥಗಳು ಅರೆಬರೆ ಇದ್ದವು, ಪೂರ್ತಿ ತರಬೇಕು ಅಂತ ಹೊರಟ. ಮರುಭೂಮಿಯಲ್ಲಿ ಸತ್ತವರ ಮೂಳೆಗಳೇ ದಾರಿಗುರುತು. ಜೊತೆಗಿದ್ದವರಲ್ಲಿ ಕೆಲವರು ಸತ್ತರು, ಕೆಲವರು ತಿರುಗಿ ಹೋದರು, ಒಬ್ಬ ಇಲ್ಲೇ ಉಳಿದ. ಸಿಂಹಳಕ್ಕೆ ಹೋಗಿ ಹಡಗು ಹತ್ತಿ ಒಬ್ಬನೇ ಊರು ಸೇರಿದ. ಅವನು ಮಧ್ಯದೇಶದ ಬಗ್ಗೆ ಬರೀತಾನೆ: ಜನ ಪ್ರಾಣಿ ಕೊಲ್ಲಲ್ಲ, ಹೆಂಡ ಕುಡಿಯಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಚಂಡಾಲರನ್ನ ಬಿಟ್ಟು. ಅವರು ಊರಾಚೆ ಇರ್ತಾರೆ. ಊರೊಳಗೆ, ಸಂತೆಗೆ ಬರುವಾಗ ಮರದ ತುಂಡು ಬಡೀತಾ ಬರ್ತಾರೆ, ಜನ ಸದ್ದು ಕೇಳಿ ದೂರ ಸರಿಯಲಿ ಅಂತ.

ಟಕ್ ಟಕ್ ಟಕ್. ಗುಪ್ತರ ಸುವರ್ಣಯುಗದ ಸದ್ದು ಇದು.

ಎರಡು ಶತಮಾನ ಬಿಟ್ಟು ಹ್ಯುಯೆನ್ ತ್ಸಾಂಗ್ ಬಂದ. ನಳಂದದಲ್ಲಿ ಓದಿದ, ಹರ್ಷನ ಸಭೆಯಲ್ಲಿ ಕೂತ, ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದು ಅವನ ಸೈನ್ಯದ ಬಗ್ಗೆ ಬರೆದ. 645ರಲ್ಲಿ 657 ಗ್ರಂಥ ಹೇರಿಕೊಂಡು ವಾಪಸ್ ಹೋದ. ಅವನೂ ಬರೀತಾನೆ: ಕಟುಕರು, ಮೀನುಗಾರರು, ಆಟ ಆಡೋರು, ಗಲ್ಲಿಗೇರಿಸೋರು, ಜಾಡಮಾಲಿಗಳು, ಇವರ ಮನೆಗೆ ಗುರುತು ಇರುತ್ತೆ, ಊರ ಹೊರಗೇ ಇರಬೇಕು, ನಡೆದಾಡುವಾಗ ದಾರಿಯ ಎಡಬದಿಗೆ ಸರಿದು ಹೋಗಬೇಕು ಅಂತ.

1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಕುರಿತ ಪುಸ್ತಕ ಬರೆಯುವಾಗ ಈ ಇಬ್ಬರನ್ನೂ ಸಾಕ್ಷಿ ಕಟ್ಟೆಗೆ ಕರೆದರು. ಲಾಯರ್ ಬುದ್ಧಿ ನೋಡಿ. ಫಾಹಿಯಾನ್ ಸಾಕ್ಷಿ ಸಾಲದು, ಅವನು ಹೇಳಿದ್ದು ಚಂಡಾಲರ ಬಗ್ಗೆ ಮಾತ್ರ, ಬ್ರಾಹ್ಮಣರಿಗೆ ಅವರ ಮೇಲೆ ಮೊದಲಿಂದಲೂ ದ್ವೇಷ ಇತ್ತು ಅಂತ ಪಕ್ಕಕ್ಕಿಟ್ಟರು. ಹ್ಯುಯೆನ್ ತ್ಸಾಂಗ್ ಬೇರೆ ಜನರನ್ನೂ ಸೇರಿಸಿ ಹೇಳ್ತಾನೆ, ಹಾಗಾಗಿ ಅವನ ಕಾಲಕ್ಕೆ ಅಸ್ಪೃಶ್ಯತೆ ಬಂದಾಗಿತ್ತು. ಕ್ರಿ.ಶ. 200ರಲ್ಲಿ ಇರಲಿಲ್ಲ, 600ರ ಹೊತ್ತಿಗೆ ಇತ್ತು, ಸುಮಾರು 400ರಲ್ಲಿ ಹುಟ್ಟಿರಬೇಕು ಅಂತ ತೀರ್ಪು ಬರೆದರು. ಬುದ್ಧನನ್ನ ಹುಡುಕಿಕೊಂಡು ಬಂದ ಪರದೇಶಿಗಳ ಡೈರಿ ನಮ್ಮ ಕೇಸಿನ ದಾಖಲೆ ಆಯಿತು.

ಇಲ್ಲಿ ನನಗೊಂದು ಮುಳ್ಳು ಚುಚ್ಚುತ್ತೆ ಅಣ್ಣಾ, ನಮ್ಮ ಸಭೆಗಳಲ್ಲಿ ಯಾರೂ ಎತ್ತಲ್ಲ. ಫಾಹಿಯಾನ್ ಬಂದಾಗ ಅದೇ ಸೀಮೆಯಲ್ಲಿ ವಿಹಾರಗಳು ತುಂಬಿದ್ದವು. ಉಪಾಲಿಯ ಸಂಘ ಅಲ್ಲೇ ಇತ್ತು. ಹಾಗಿದ್ದರೂ ಬೀದೀಲಿ ಮರ ಬಡಿಯೋ ಸದ್ದು ಇತ್ತು. ಭಿಕ್ಕುಗಳಿಗೆ ಅದು ಕೇಳಿಸಲಿಲ್ವಾ? ದಾನ ಕೊಡೋ ಸೆಟ್ಟಿ, ರಾಜರಿಗೆ ಹೆದರಿ ಸುಮ್ಮನಿದ್ದರಾ? ವಿನಯ ಹುಡುಕಿಕೊಂಡು ಬಂದ ಮುದುಕ ಕೂಡ ಅದನ್ನ ಬರೆದುಕೊಂಡು ಮುಂದಿನ ಊರಿಗೆ ಹೋದ. ಬರೆದನಲ್ಲ, ಅಷ್ಟಕ್ಕೆ ಋಣಿ.

ಸರಿ, ಬೆಟ್ಟಕ್ಕೆ ಬರೋಣ.

ಚೀನಾದಲ್ಲಿ ಬೌದ್ಧರ ಪವಿತ್ರ ಬೆಟ್ಟ ನಾಲ್ಕು. ಶಾಂಷಿಯ ವೂತಾಯ್, ಸಿಚುವಾನ್‌ನ ಎಮೆಯ್, ಆನ್‌ಹುಯ್‌ನ ಚಿಯುಹುವಾ, ಸಮುದ್ರದ ನಡುಗಡ್ಡೆ ಪುತುವೊ. ವೂತಾಯ್ ಅಂದರೆ ಐದು ಜಗಲಿ, ಐದು ಶಿಖರ. ಉತ್ತರದ್ದು 3,000 ಮೀಟರಿಗೂ ಎತ್ತರ, ಸ್ವೆಟರ್ ಮರೀಬೇಡಿ. ಅವತಂಸಕ ಸೂತ್ರದಲ್ಲಿ ಮಂಜುಶ್ರೀ ಬೋಧಿಸತ್ವ ಈಶಾನ್ಯದ ತಂಪು ಬೆಟ್ಟದಲ್ಲಿದ್ದಾನೆ ಅಂತ ಬರುತ್ತೆ, ಅದೇ ಇದು ಅಂತ ಚೀನಾದವರು ಗುರುತಿಸಿಕೊಂಡರು. ಆಮೇಲೆ ದಾರಿಯೇ ತಿರುಗಿತು. ಏಳನೇ ಶತಮಾನದಲ್ಲಿ ಬುದ್ಧಪಾಲಿ ಅನ್ನೋ ಭಿಕ್ಕು ಇತ್ತ ಕಡೆಯಿಂದ ಅಲ್ಲಿಗೆ ಯಾತ್ರೆ ಹೋದ ಅಂತಾರೆ.

ಧೂಪ, ಅಡ್ಡಬೀಳೋದು, ಹರಕೆ ಎಲ್ಲ ಕಾಣುತ್ತೆ. 22 ಪ್ರತಿಜ್ಞೆ ತಗೊಂಡವರು ನೀವು, ಸಿಟ್ಟು ಬರಬಹುದು. ಬಂದರೆ 840ರಲ್ಲಿ ಇದೇ ಬೆಟ್ಟ ಹತ್ತಿದ ಜಪಾನಿನ ಭಿಕ್ಕು ಎನ್ನಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟ ಕಥೆ ನೆನಪು ಮಾಡಿಕೊಳ್ಳಿ. ಹಿಂದೆ ಯಾವಾಗಲೋ ಇಲ್ಲಿ ದೊಡ್ಡ ಅನ್ನದಾನ ನಡೀತಿತ್ತಂತೆ. ಭಿಕ್ಕು, ಗೃಹಸ್ಥ, ಭಿಕ್ಷುಕ ಎಲ್ಲ ಬಂದಿದ್ದರು. ದಾನ ಮಾಡೋನಿಗೆ ಅದೇ ಸಿಟ್ಟು, ಕಷ್ಟಪಟ್ಟು ಬೆಟ್ಟ ಹತ್ತಿ ಬಂದಿದ್ದು ಇಂಥವರಿಗೆ ಹಾಕೋಕಾ ಅಂತ. ಭಿಕ್ಷುಕರ ಸಾಲಿನಲ್ಲಿ ಒಬ್ಬಳು ಬಸುರಿ. ತನ್ನ ಪಾಲು ಇಸ್ಕೊಂಡು, ಹೊಟ್ಟೆಲಿರೋ ಮಗೂಗೂ ಒಂದು ಪಾಲು ಕೊಡಿ ಅಂದಳು. ಬೈದ, ಕೊಡಲಿಲ್ಲ. ಹುಟ್ಟದಿದ್ದರೂ ಅದೂ ಮನುಷ್ಯನೇ, ಅದಕ್ಕಿಲ್ಲದ ಅನ್ನ ನನಗೂ ಬೇಡ ಅಂತ ಎದ್ದು ಹೊರಟಳು. ಬಾಗಿಲು ದಾಟಿದ್ದೇ ತಡ, ಸಿಂಹದ ಮೇಲೆ ಕೂತ ಮಂಜುಶ್ರೀ ಆಗಿ ಬೆಳಕಲ್ಲಿ ಹೋದಳಂತೆ. ಅವತ್ತಿಂದ ಈ ಬೆಟ್ಟದ ಊಟದ ಸಾಲಿನಲ್ಲಿ ಗಂಡು ಹೆಣ್ಣು, ದೊಡ್ಡೋರು ಚಿಕ್ಕೋರು, ಮೇಲು ಕೀಳು ನೋಡದೆ ಸಮಪಾಲು ಅನ್ನೋ ನಿಯಮ ಆಯಿತು ಅಂತ ಎನ್ನಿನ್ ಬರೀತಾನೆ.

ಪಂಕ್ತಿಭೇದದ ವಿರುದ್ಧ ಧರಣಿ ಕೂತು ಪೊಲೀಸ್ ಜೀಪು ಹತ್ತಿದವರು ನಾವು. ಕಥೆಯೇ ಇರಲಿ, ಪವಾಡವನ್ನ ನಾನೂ ನಂಬಲ್ಲ. ಆದರೆ ಒಂದು ಸಮಾಜ ಪವಾಡದ ಕಥೆ ಕಟ್ಟುವಾಗ ಯಾವ ನಿಯಮಕ್ಕಾಗಿ ಕಟ್ಟಿತು ನೋಡಿ.

ಹಂಗಂತ ಚೀನಾ ಸ್ವರ್ಗ ಅಂತಲ್ಲ. ಉತ್ತರ ವೇಯ್ ರಾಜರ ಕಾಲದಲ್ಲಿ ಕೈದಿಗಳನ್ನ, ಗುಲಾಮರನ್ನ 'ಬುದ್ಧನ ಮನೆಯವರು' ಅಂತ ಹೆಸರಿಟ್ಟು ವಿಹಾರಗಳ ಜೀತಕ್ಕೆ ಹಾಕಿದ್ದರು. ವಿಹಾರಗಳು ಜಮೀನ್ದಾರರಂತೆ ಬೆಳೆದವು. 845ರಲ್ಲಿ ಚಕ್ರವರ್ತಿ ವೂತ್ಸುಂಗ್ 4,600 ವಿಹಾರ ಕೆಡವಿಸಿ 2,60,500 ಭಿಕ್ಕು ಭಿಕ್ಕುಣಿಯರ ಕಾಷಾಯ ಬಿಚ್ಚಿಸಿದ. ಎನ್ನಿನ್‌ನನ್ನೂ ದೇಶದಿಂದ ಹೊರಗೆ ಹಾಕಿದರು.

ಹಾಗೆ ಕೆಡವಿದ್ದರಲ್ಲಿ ವೂತಾಯ್‌ನ ಫೋಗುವಾಂಗ್ ವಿಹಾರವೂ ಒಂದು. 857ರಲ್ಲಿ ಮತ್ತೆ ಕಟ್ಟಿದ ಮರದ ಸಭಾಂಗಣ ಇವತ್ತಿಗೂ ನಿಂತಿದೆ. ಮುಖ್ಯ ವಿಹಾರಗಳಿಂದ ದೂರ, ಟೂರ್‌ನವರು ಬಿಟ್ಟುಬಿಡಬಹುದು, ನೀವು ಹಠ ಹಿಡೀರಿ. ತೊಲೆ ಮೇಲೆ ಶಾಯಿಯಲ್ಲಿ ದಾನಿಯ ಹೆಸರಿದೆ, ನಿಂಗ್ ಗೊಂಗ್‌ಯು, ಒಬ್ಬ ಹೆಂಗಸು. 1937ರಲ್ಲಿ ಆ ಅಕ್ಷರ ಮೊದಲು ಕಂಡವಳೂ ಹೆಂಗಸೇ, ವಾಸ್ತುಶಿಲ್ಪಿ ಲಿನ್ ಹುಯ್‌ಯಿನ್.

ಇನ್ನೊಂದು ಹೆಸರು ಬಿಟ್ಟರೆ ನೋಟ್ ಅಪೂರ್ಣ. ಚಾನ್ ಪಂಥದ ಆರನೇ ಗುರು ಹುಯ್‌ನೆಂಗ್, 638ರಿಂದ 713. ದಕ್ಷಿಣದ ಬಡವ, ಸೌದೆ ಮಾರೋನು, ಅಕ್ಷರ ಬಾರದವನು. ಗುರು ಹೊಂಗ್‌ರೆನ್ ಹತ್ತಿರ ಹೋದಾಗ, ದಕ್ಷಿಣದ ಕಾಡುಜನ ನೀನು, ಬುದ್ಧನಾಗೋದು ಹೆಂಗೆ ಅಂತ ಕೇಳಿದರಂತೆ. ಮನುಷ್ಯರಿಗೆ ಉತ್ತರ ದಕ್ಷಿಣ ಇರಬಹುದು, ಬುದ್ಧನಾಗೋ ಗುಣಕ್ಕೆ ಎಲ್ಲಿಯ ದಿಕ್ಕು ಅಂದನಂತೆ ಇವನು. ಎಂಟು ತಿಂಗಳು ಕೊಟ್ಟಣದಲ್ಲಿ ಭತ್ತ ಕುಟ್ಟಿಸಿದರು. ಕೊನೆಗೆ ಗುರುವಿನ ಚೀವರ ಬಂದಿದ್ದು ಅವನ ಹೆಗಲಿಗೇ.

ಇಷ್ಟು ಅಣ್ಣಾ. ವೂತಾಯ್‌ನ ಯಾವುದಾದರೂ ವಿಹಾರದಲ್ಲಿ ಊಟಕ್ಕೆ ಕೂರಿಸಿದರೆ ಕೂತ್ಕೊಳ್ಳಿ. ಯಾರ ಪಕ್ಕ ಕೂರಿಸಿದರು, ಯಾರು ಬಡಿಸಿದರು ನೋಡ್ಕೊಂಡು ಬನ್ನಿ. ಫೋಟೋ ತೆಗೆಯೋಕೆ ಬಿಟ್ಟರೆ ಆ ಸಾಲಿನದೊಂದು ತೆಗೀರಿ, ಮೂರ್ತಿಗಳದ್ದು ನೆಟ್‌ನಲ್ಲಿ ಸಿಗುತ್ತೆ.

ನಮೋ ಬುದ್ಧಾಯ. ಜೈಭೀಮ್.